ಗುಡ್ಡ ಹತ್ತಿದ ಗಡಿಕಲ್ಲು

ಕಾಡು ಕಾಯುವವನಿಗೆ ಚಿರತೆಯ ಭಯ ಎಂದು ಜನ ತಿಳಿದಿದ್ದಾರೆ. ಚಿಂಚೋಳಿಯ ಮೀಸಲು ಅರಣ್ಯದಲ್ಲಿ ಗಾರ್ಡಾಗಿದ್ದ ನನ್ನ ಜೀವ ತಿಂದದ್ದು ಮಾತ್ರ ಕಲ್ಲುಗಳು. ಗಡಿಗೆ ನೆಡಲು ಇಲಾಖೆಯವರು ತಮ್ಮ ಹೆಸರು ಕೆತ್ತಿಸಿದ ಶಹಾಬಾದಿನ ಚಪ್ಪಟೆ ಫರಸಿ ಕಲ್ಲು ತರಿಸಿಬಿಟ್ಟಿದ್ದರು. ಅಂಥ ನುಣುಪು ಕಲ್ಲನ್ನು ನಮ್ಮ ಕಡೆ ಯಾರಾದರೂ ಸುಮ್ಮನೆ ನಿಲ್ಲಲು ಬಿಟ್ಟಾರೆಯೇ? "ತಪಾಸಣಿಗಿ ಬಂದಾಗ ಒಂದು ಕಲ್ಲು ಕಮ್ಮಿ ಬಿದ್ರೂ ನಿನ್ನ ನೌಕರಿ ಹೋತು," ಎಂದು ರೇಂಜರ್ ಸಾಹೇಬರು ಹೇಳಿಹೋದ ಮೇಲೆ ನಾನು ರೊಟ್ಟಿ ತಿನ್ನುವಾಗಲೂ ಕಲ್ಲುಗಳನ್ನೇ ಎಣಿಸುತ್ತಿದ್ದೆ.

೧

ಕಾಡಿನ ಗುಡ್ಡದ ಬುಡಕ್ಕೇ ಗೌಡರೊಬ್ಬರ ಹೊಲ. ಅವರ ಬದುವಿನ ಗಡಿಕಲ್ಲು ಮಳೆಗಾಲ ಮುಗಿಯುವಷ್ಟರಲ್ಲಿ ಕಾಡಿನೊಳಕ್ಕೆ ಹೋಗಿತ್ತು. ಅಂಜುತ್ತಲೇ ಕೇಳಿದೆ.

"ಎರಿ ಮಣ್ಣಿನ ಭೂಮಿ ಅದಪಾ, ಮಳಿಗಿ ಕಲ್ಲು ಜಾರ್ತದ."

"ಜಾರಿದ್ರ ಕೆಳಗ ಬರಬೇಕಲ್ರಿ ಗೌಡ್ರ? ಇದು ಗುಡ್ಡ ಹತ್ಯದ!"

"ಸರಕಾರಿ ಕಲ್ಲಪಾ ಅದು. ಎಲ್ಲಿಗರ ಹೋಗ್ಲಿ, ಯಾಕ ಹೊಂಟಿ ಅಂತ ನಮ್ಮಂಥ ರೈತರು ಕೇಳಾಕ ಬರ್ತದೇನು?"

೨

ಗೌಡರ ಕಲ್ಲನ್ನು ಇಳಿಸಿ ನೆಟ್ಟೆ. ಆಮೇಲೆ ನೋಡಿದರೆ ಬೇರೆ ಎರಡು ಕಲ್ಲುಗಳೇ ಮಾಯ. ದಿನಾ ಹುಡುಕಿ ಸಾಕಾಗಿ, ಸುಲೇಪೇಟ ರಸ್ತೆಯ ಚಹಾದಂಗಡಿಯಲ್ಲಿ ಕುಳಿತು ಅಂಗಡಿಯ ಚಾಚಾನ ಮುಂದೆ ಗೋಳು ಹೇಳಿಕೊಳ್ಳುತ್ತಿದ್ದೆ. ಕೊನೆಗೊಂದು ದಿನ ಅವನಿಗೆ ನನ್ನ ಮೇಲೆ ಕನಿಕರ ಬಂತು.

"ಸಾಬ್, ದಿನಾ ಕುಂತು ಹುಡುಕಲಿಕತ್ತೀರಿ. ಒಮ್ಮೆ ಎದ್ದು ಹುಡುಕ್ರಿ."

ಎದ್ದೆ. ನಾನು ಕುಳಿತಿದ್ದ ಕಟ್ಟೆಯ ಮೇಲೆ ಇಲಾಖೆಯ ಕೆತ್ತನೆ ಎದ್ದು ಕಾಣುತ್ತಿತ್ತು.

೩

ಇನ್ನೊಂದು ಕಲ್ಲು ಸಿಗುವ ಮೊದಲೇ ಸಾಹೇಬರು ತಪಾಸಣೆಗೆ ಬಂದರು. ಕಲ್ಲು ಕಿತ್ತ ಖಾಲಿ ಗುಂಡಿ ಹತ್ತಿರವಾದಂತೆ ನಾನು ಅವರ ದಾರಿಗೆ ಅಡ್ಡ ನಿಂತೆ. ಊಟ ಮಾಡಿದವರು ಮತ್ತೆ ಗುಡ್ಡ ಹತ್ತಲಾರರು ಎಂಬ ಆಸೆಯಿಂದ, "ಬಿಸಿಲು ಭಾಳ ಅದರಿ, ಮೊದಲು ನಮ್ಮನಿಗಿ ಬರ್ರಿ," ಎಂದು ಮನೆಗೆ ಕರೆತಂದೆ.

ಹೆಂಡತಿ ಕಾಲಿಗೆ ನೀರು ಕೊಟ್ಟಳು. ಬಟ್ಟೆ ಒಗೆಯಲೆಂದು ಅವಳ ಅಣ್ಣ ಬಂಡಿಯಲ್ಲಿ ತಂದು ಬಚ್ಚಲಿಗೆ ಹಾಕಿದ್ದ ಹೊಸ ಕಲ್ಲಿನ ಮೇಲೆ ಸಾಹೇಬರು ನಿಂತರು. ನೀರು ಬಿದ್ದು ಸಾಬೂನಿನ ಜಿಡ್ಡು ಹರಿದುಹೋಯಿತು. ಕೆಳಗೆ ಇಲಾಖೆಯ ಕೆತ್ತನೆ!

"ಈ ಕಲ್ಲಿನ ಪ್ರಕಾರ ಕಾಡು ನಿನ್ನ ಬಚ್ಚಲಿಂದಾನೇ ಸುರು ಆಗ್ತದ," ಎಂದರು ಸಾಹೇಬರು. "ಪರ್ಮಿಷನ್ ಇಲ್ಲದ ಯಾರೂ ಇಲ್ಲಿ ಕಾಲಿಡಂಗಿಲ್ಲ."

ಟವೆಲ್ಲು ಹಿಡಿದು ನಿಂತಿದ್ದ ಹೆಂಡತಿ, "ಹಂಗಾದ್ರ ಲಗೂನ ಇಳೀರಿ ಸಾಹೇಬ್ರ," ಎಂದಳು. "ಈಗ ಅದರ ಮ್ಯಾಲ ನಿಂತೋರು ನೀವೇ ಅದೀರಿ."

ಸಾಹೇಬರು ನಕ್ಕರು. ನೌಕರಿ ಉಳಿಯಿತು. ಮರುದಿನ ಆ ಕಲ್ಲನ್ನು ಬಂಡಿಗೆ ಹಾಕಿಕೊಂಡು ಕಾಡಿಗೆ ಹೊರಟೆ. ಹಿಂದೆ ತಿರುಗಿ ನೋಡಿದರೆ, ಹೆಂಡತಿ ಬಟ್ಟೆಯ ಗಂಟು ಹೊತ್ತುಕೊಂಡು ಬರುತ್ತಿದ್ದಳು.