ಬಾಣಂತಿ ಬೆಲ್ಲದ ಬಿಯರು

ಹೊಗಳಿಕೆಗೆ ಕರಗಿಹೋಗುವ ಪ್ರಾಣಿ ನಾನು. ಇನ್ನೊಬ್ಬರಿಗೆ ಸಲ್ಲಬೇಕಾದ ಹೊಗಳಿಕೆ ತಪ್ಪಿ ನನ್ನ ಬಾಗಿಲಿಗೆ ಬಂದರೂ ವಾಪಸು ಕಳಿಸಿದವನಲ್ಲ. ಈ ಚಾಳಿ ಇಲ್ಲದಿದ್ದರೆ ಮನೆಯಲ್ಲಿ ಬಿಯರು ಮಾಡುವ ಉಸಾಬರಿಗೆ ಹೋಗುತ್ತಲೇ ಇರಲಿಲ್ಲ. ಮೊದಲ ಸಲ ಮಾಡಿದ್ದನ್ನು ನಾಗಮಂಗಲದಿಂದ ಬಂದಿದ್ದ ನನ್ನ ಬಾಮೈದ ನಾಲ್ಕು ಲೋಟ ಕುಡಿದ. ಏನು ಹೇಳುತ್ತಾನೋ ಎಂದು ಅವನ ಬಾಯನ್ನೇ ನೋಡುತ್ತ ಕೂತಿದ್ದೆ. "ಬಾವ, ಬಾರ್ಲಿ ನೀರು ಬೋ ಚೆಂದಾಗದೆ. ಉಷ್ಣಕ್ಕೆ ಒಳ್ಳೇದು," ಅಂದ! ಮೈಯೆಲ್ಲ ಉರಿದುಹೋಯಿತು. "ಬರೋ ತಿಂಗ್ಳು ಬಾರ್ಲಾ, ಒಂದೇ ಲೋಟಕ್ಕೆ ಮಲಗುಸ್ತೀನಿ" ಎಂದು ತೊಡೆ ತಟ್ಟಿದೆ.

ಅಮಲು ಏರಬೇಕಾದರೆ ಅದು ಹುಳಿಯುತ್ತಿರುವಾಗಲೇ ಬೆಲ್ಲ ಹಾಕಬೇಕಂತೆ, ಅದೂ ದಿನಾ ಸ್ವಲ್ಪ ಸ್ವಲ್ಪ. ಯೀಸ್ಟು ಹೊಸ ಅಳಿಯನ ಹಾಗೆ; ಒಂದೇ ಸಲ ಬಡಿಸಿದರೆ ಕೆಲಸ ಬಿಟ್ಟು ಮಲಗಿಬಿಡುತ್ತದೆ. ಮಾವನ ಮನೆಯಲ್ಲಿ ನಾನೂ ಹಾಗೇ ಮಲಗಿದವನಾದ್ದರಿಂದ ಇದು ಬೇಗ ಅರ್ಥವಾಯಿತು. ಪಾಂಡವಪುರದ ಆಲೆಮನೆಯಿಂದ ಅಚ್ಚುಬೆಲ್ಲ ತಂದೆ. ಬೆಚ್ಚಗಿರಲೆಂದು ಬಿಯರಿನ ಡ್ರಮ್ಮನ್ನು ಕೊಟ್ಟಿಗೆಯ ಮೂಲೆಯಲ್ಲಿಟ್ಟು, ದಿನಾ ಸಂಜೆ ಒಂದೊಂದು ಅಚ್ಚು ಕರಗಿಸಿ ಸುರಿದೆ.

ಅದೇ ಕೊಟ್ಟಿಗೆಯಲ್ಲಿ ನಮ್ಮ ಹಸು ಗೌರಿ ಕರು ಹಾಕಿ ವಾರವಾಗಿತ್ತು. ಕರು ಹಾಕಿದ ಹಸುವಿಗೆ ಬೆಲ್ಲ ಕೊಡುವುದು ನಮ್ಮ ಕಡೆ ರೂಢಿ. ನನ್ನ ಕೈಯಲ್ಲಿ ಬೆಲ್ಲ ಕಂಡ ಅವ್ವನಿಗೆ ಕಣ್ಣು ತುಂಬಿ ಬಂತು. ಸಂಜೆ ತಾನು ಡೈರಿಗೆ ಹಾಲು ಹಾಕಲು ಹೋದಾಗ ನಾನು ಗೌರಿಗೆ ಕುಡಿಸುತ್ತೇನೆಂದೇ ತಿಳಿದಳು. "ಸಗಣಿ ಮುಟ್ದೋನಲ್ಲ, ಈಗ ನೋಡ್ರವ್ವ, ಬಾಣಂತಿಗೆ ದಿನಾ ಬೆಲ್ಲ ಕಲಸ್ತಾವ್ನೆ ನನ್ ಮಗ" ಎಂದು ಡೈರಿಯಲ್ಲೆಲ್ಲ ಸಾರಿಬಿಟ್ಟಳು. ಬೀದಿಯಲ್ಲಿ ಜನ ನಿಲ್ಲಿಸಿ ಮೆಚ್ಚಿಕೊಂಡರು. ಇಲ್ಲ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಬಾಮೈದ ಬಂದ ದಿನ ಅವ್ವನ ಸಂಭ್ರಮ ಮಿತಿಮೀರಿತು. "ನೋಡಪ್ಪ, ನಿಮ್ ಬಾವ ಎಂಗ್ ಕಲಸವ್ನೆ" ಎಂದು ಡ್ರಮ್ಮಿನಿಂದ ಒಂದು ಬಕೆಟ್ಟು ತುಂಬಿ ಗೌರಿಯ ಮುಂದಿಟ್ಟಳು. ಗೌರಿ ಮೂತಿ ಚಾಚಿತು. ಕರು ಕೆಚ್ಚಲಿಗೆ ಬಾಯಿ ಹಾಕಿ ನಿಂತಿತ್ತು. "ಅವ್ವಾ, ಬ್ಯಾಡ! ಅದು ಬಿಯರು!" ಎಂದು ಬಕೆಟ್ಟು ಕಿತ್ತುಕೊಂಡೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕುಡಿಯೋದ್ಕೆ ಬೈತಿಲ್ಲ ಕಣ್ಲಾ. ಬಾಣಂತಿ ಹೆಸ್ರೇಳ್ಕಂಡು ನೀನ್ ಕುಡಿಯಕ್ ಒಂಟಿದ್ಯಲ್ಲ, ಥೂ!" ಎಂದು ಒಳಗೆ ಹೋದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿಯೂ ಅತ್ತೆಯ ಹಿಂದೆಯೇ ಹೋದಳು. ನಾಚಿಕೆಯಿಂದ ನನಗೆ ಗೌರಿಯ ಮುಖ ನೋಡಲೂ ಆಗಲಿಲ್ಲ.

ಬಾಮೈದ ಮಾತ್ರ ಒಂದು ಲೋಟ ಮುಗಿಸಿ, ಹುಲ್ಲಿನ ಮೆದೆಗೆ ಒರಗಿ, "ಬಾವ, ನಿನ್ನಂತೋನು ಈ ತಾಲ್ಲೂಕಲ್ಲೇ ಇಲ್ಲ!" ಎಂದು ಕೂಗಿ ಮಲಗಿಬಿಟ್ಟ. ಆ ಮಾತನ್ನು ಅವ್ವನ ಎದುರಿಗೆ ಇನ್ನೊಮ್ಮೆ ಹೇಳಿಸೋಣವೆಂದು ಬೆಳಗ್ಗೆ ಅವನನ್ನು ಎಬ್ಬಿಸಿದೆ. ಅವನಿಗೆ ಏನೂ ನೆನಪಿರಲಿಲ್ಲ.