ತಿದ್ದಪ್ಪನವರ ಗಟ್ಟಿ ರಕ್ತ

ತಿದ್ದಪ್ಪನವರ ರಕ್ತಪರೀಕ್ಷೆಯ ವರದಿಯಲ್ಲಿ ಒಂದು ಅಂಕಿ ಇರಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚಿತ್ತು. ಅದನ್ನು ಮೊದಲು ಓದಿದವರು ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್. ಬೇರೆಯವರ ಲಕೋಟೆ ಒಡೆಯುವುದರಲ್ಲಿ ಅವರದು ಎತ್ತಿದ ಕೈ.

ತಿದ್ದಪ್ಪ ಎನ್ನುವುದು ಅಡ್ಡಹೆಸರು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಹದಿನೆಂಟು ವರ್ಷದಿಂದ ಊರವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಹಿಡಿದರೂ ಯಾರ ಎದುರಿಗೂ ತುಟಿಪಿಟಕ್ ಎಂದವರಲ್ಲ. ಆರು ತಿಂಗಳ ಹಿಂದೆ ಸದಾ ಸುಸ್ತೆಂದು ಹೋದಾಗ, ಗಂಡಸರ ಹಾರ್ಮೋನು ತೀರ ಕಡಿಮೆಯಾಗಿದೆಯೆಂದು ಡಾಕ್ಟರಮ್ಮ ದಿನಾ ಹಚ್ಚಿಕೊಳ್ಳಲು ಒಂದು ಮುಲಾಮು ಕೊಟ್ಟಿದ್ದರು. ಈಗ ನೋಡಿದರೆ ಕಡಿಮೆ ಹೋಗಿ ವಿಪರೀತವಾಗಿತ್ತು.

ಫೋನ್ ಮಾಡಿದರೆ ಡಾಕ್ಟರಮ್ಮ, "ಇವತ್ತು ಮುಲಾಮು ಮುಟ್ಟಬೇಡಿ. ಈಗಲೇ ಇನ್ನೊಂದು ಸಲ ರಕ್ತ ಕೊಟ್ಟು, ಸಂಜೆ ಬನ್ನಿ" ಎಂದರು.

ಕಾಂಪೌಂಡರ್ ಅಷ್ಟಕ್ಕೆ ಬಿಡುತ್ತಾರೆಯೇ? "ಇದು ಹೆಚ್ಚಾದ್ರೆ ರಕ್ತ ಗಟ್ಟಿಯಾಗುತ್ತೆ ಸ್ವಾಮಿ. ಬಿ.ಪಿ. ಏರುತ್ತೆ. ಎಲ್ಲಾದ್ರೂ ಹೆಪ್ಪುಗಟ್ಟಿದ್ರೆ ಮುಗೀತು! ಸಿಟ್ಟಂತೂ ಮೂಗಿನ ತುದೀಲೇ ಇರುತ್ತೆ. ಬಂದ ಸಿಟ್ಟನ್ನ ಮಾತ್ರ ತಡ್ಕೋಬೇಡಿ, ತಡೆದಷ್ಟೂ ರಕ್ತ ಗಟ್ಟಿ!"

ಕೊನೆಯ ಮಾತು ಕಾಂಪೌಂಡರರ ಸ್ವಂತ ವೈದ್ಯಶಾಸ್ತ್ರ. ಆದರೆ ತಿದ್ದಪ್ಪನವರು ಅದನ್ನೂ ನಂಬಿದರು. ನಿಜಕ್ಕೂ ಸಾವಿನ ಭಯವಾಯಿತು.

ಅಷ್ಟರಲ್ಲಿ ಒಳಗಿನಿಂದ ಭಾವಮೈದನ ಕೊಳಲು ಕೇಳಿಸಿತು. ಎರಡು ದಿನಕ್ಕೆಂದು ಬಂದವನು ಎರಡು ತಿಂಗಳಿಂದ ಒಂದೇ ಹಾಡಿನ ಪ್ರಾಣ ಹಿಂಡುತ್ತಿದ್ದ.

"ಏನಯ್ಯಾ! ಆ ಹಾಡೂ ಮುಂದಕ್ಕೆ ಹೋಗಲ್ಲ, ನೀನೂ ಮನೆಗೆ ಹೋಗಲ್ಲ!" ಎಂದು ತಿದ್ದಪ್ಪನವರು ಗುಡುಗಿದರು.

ಹೆಂಡತಿ ಸೌಟು ಹಿಡಿದೇ ಹೊರಬಂದಳು. ಕಾಂಪೌಂಡರ್ ಅಡ್ಡ ನಿಂತರು. "ಅವರನ್ನ ಏನೂ ಅನ್ಬೇಡಮ್ಮ. ಅದು ಅವರ ಮಾತಲ್ಲ, ಹಾರ್ಮೋನಿನ ಮಾತು." ವರದಿ ನೋಡಿ ಹೆಂಡತಿ ಕಣ್ಣೊರೆಸಿಕೊಂಡಳು. ಬಿಸಿ ಕಾಫಿಯೂ ಬಂತು. ಬೈದವರಿಗೂ ಕಾಫಿ ಸಿಗುವ ಲೋಕ ತಿದ್ದಪ್ಪನವರಿಗೆ ಹೊಸದು.

ರಕ್ತ ಕೊಟ್ಟು ಅಚ್ಚುಕೂಟಕ್ಕೆ ಹೋದರೆ ಮಾಲೀಕರು ತಮ್ಮ ನಲವತ್ತು ಸಾಲಿನ ಕವನದ ಕರಡು ಹಿಡಿದು ಕಾಯುತ್ತಿದ್ದರು.

"ಹೇಗಿದೆ?"

"ಹೇಗೂ ಇಲ್ಲ ಸಾರ್. ತಪ್ಪೆಲ್ಲ ತೆಗೆದ್ರೆ ನಿಮ್ಮ ಹೆಸರೊಂದೇ ಉಳಿಯುತ್ತೆ. ಅದನ್ನೂ ತೆಗೆದ್ರೆ ಓದುಗರಿಗೆ ಉಪಕಾರ."

ಯಂತ್ರ ನಡೆಸುವವನು ಯಂತ್ರವನ್ನೇ ನಿಲ್ಲಿಸಿದ. ಮಾಲೀಕರ ಮುಖ ಕಪ್ಪಿಟ್ಟಿತು. ಆದರೆ ಕಾಂಪೌಂಡರರ ಫೋನು ಅಲ್ಲಿಗೂ ಮೊದಲೇ ಬಂದಿತ್ತು.

"ಪಾಪ, ಕಾಯಿಲೆ ಹೀಗೆ ಆಡಿಸ್ತಿದೆ. ನೆಟ್ಟಗಿರೋನು ಈ ಮಾತು ಅಂದಿದ್ರೆ ಇವತ್ತೇ ಕೆಲಸದಿಂದ ತೆಗೀತಿದ್ದೆ" ಎಂದು ಮಾಲೀಕರು ಕುಡಿಯಲು ನೀರು ತರಿಸಿದರು.

ತಿದ್ದಪ್ಪನವರಿಗೆ ರುಚಿ ಹತ್ತಿತು. ಮಧ್ಯಾಹ್ನದೊಳಗೆ ಬೈಂಡಿಂಗಿನವನಿಗೆ ಅವನ ಸೋಮಾರಿತನವನ್ನೂ ಗುಮಾಸ್ತನಿಗೆ ಅವನ ಚಾಡಿಬುದ್ಧಿಯನ್ನೂ ಬಿಡಿಸಿ ಹೇಳಿದರು. ಇಬ್ಬರೂ "ಬೇಗ ಹುಷಾರಾಗಿ" ಎಂದು ಹರಸಿದರು.

ಸಂಜೆ ಮಾಲೀಕರೇ ಕಾರಿನಲ್ಲಿ ಗಂಡಹೆಂಡಿರನ್ನು ಡಾಕ್ಟರಮ್ಮನಲ್ಲಿಗೆ ಕರೆದೊಯ್ದರು. ದಾರಿಯಲ್ಲಿ ತಿದ್ದಪ್ಪನವರು ಹೆಂಡತಿಗೆ, "ನಿನ್ನ ಅಡುಗೇನ ಇಷ್ಟು ವರ್ಷ ಹೊಗಳಿದ್ದೆಲ್ಲ ಬರೀ ಹೆದರಿಕೆಗೆ ಕಣೇ" ಎಂದರು.

"ಅನ್ನಿ, ಅನ್ನಿ, ತಡ್ಕೋಬೇಡಿ" ಎಂದು ಅವಳು ಬೆನ್ನು ಸವರಿದಳು.

ಡಾಕ್ಟರಮ್ಮ ಹೊಸ ವರದಿ ನೋಡಿ ಕೇಳಿದರು. "ಮುಲಾಮು ಎಲ್ಲಿಗೆ ಹಚ್ತೀರಿ?"

"ಭುಜದಿಂದ ಮೊಣಕೈವರೆಗೂ, ಧಾರಾಳವಾಗಿ."

"ಹೋದ ಸಲ ರಕ್ತ ಕೊಡೋಕೆ ಬಂದಾಗಲೂ ಹಚ್ಚಿದ್ರಾ?"

"ಹೊರಡೋಕೆ ಮುಂಚೆ ಹಚ್ಕೊಂಡಿದ್ದೆ."

"ಅದೇ ಮತ್ತೆ! ಮುಲಾಮು ಮೆತ್ತಿದ ಜಾಗದಲ್ಲೇ ಸೂಜಿ ಚುಚ್ಚಿದಾರೆ. ಚರ್ಮದ ಮೇಲಿದ್ದ ಔಷಧಿ ರಕ್ತಕ್ಕೆ ಸೇರಿ ಅಂಕಿ ಸುಳ್ಳೇ ಏರಿದೆ. ನಿಜವಾಗಿ ಏರಿದ್ರೆ ಅಪಾಯಾನೇ, ಅದಕ್ಕೇ ಮತ್ತೆ ಪರೀಕ್ಷೆ ಮಾಡಿಸಿದ್ದು. ನಿಮ್ಮ ಹಾರ್ಮೋನು ಹದವಾಗಿದೆ. ರಕ್ತಾನೂ ಗಟ್ಟಿಯಾಗಿಲ್ಲ."

ತಿದ್ದಪ್ಪನವರಿಗೆ ಹೋದ ಜೀವ ಬಂದಂತಾಯಿತು. ಪಕ್ಕದಲ್ಲಿ ಕೂತಿದ್ದ ಮಾಲೀಕರ, ಹೆಂಡತಿಯ ಮುಖ ನೋಡಿದರೆ, ಬಂದದ್ದು ಮತ್ತೆ ಹೋಯಿತು.

"ಹಾಗಾದ್ರೆ ಇವರು ಇವತ್ತು ಆಡಿದ ಮಾತೆಲ್ಲ?" ಮಾಲೀಕರು ಡಾಕ್ಟರಮ್ಮನನ್ನು ಕೇಳಿದರು.

"ಅದು ಔಷಧಿಯಿಂದ ಬಂದದ್ದಲ್ಲ. ಅವರದೇ ಇರಬೇಕು."

"ಡಾಕ್ಟರಮ್ಮ, ಸರಿಯಾಗಿ ನೋಡಿ" ಎಂದು ತಿದ್ದಪ್ಪನವರು ಕೈ ಮುಗಿದರು. "ಒಂಚೂರಾದ್ರೂ ಹೆಚ್ಚಿರಬೇಕು!"

"ನೆಟ್ಟಗೇ ಇದ್ದೀರಿ. ನಾಳೆಯಿಂದ ಕೆಲಸಕ್ಕೆ ಬರಬೇಡಿ" ಎಂದು ಮಾಲೀಕರು ಎದ್ದರು.

ಹೆಂಡತಿಯೂ ಸೆರಗು ಸರಿಮಾಡಿಕೊಂಡು ಅವರ ಹಿಂದೆಯೇ ಹೋಗಿ ಕಾರು ಹತ್ತಿದಳು. ಓಡಿ ಬಂದ ಗಂಡನ ಮುಖಕ್ಕೇ ಬಾಗಿಲು ಹಾಕಿ, ಕಿಟಕಿ ಇಳಿಸಿ ಹೇಳಿದಳು.

"ನಡ್ಕೊಂಡೇ ಬನ್ನಿ. ರಕ್ತ ಚೆನ್ನಾಗಿ ಹರೀತಿದೆಯಲ್ಲ!"