ಮೌನ ಪಾಲನಾಧಿಕಾರಿಗಳು

ಒಬ್ಬರು ಮಾತು ಮುಗಿಸಿ ಸ್ವಿಚ್ಚಿನಿಂದ ಬೆರಳು ತೆಗೆದ ಮೇಲೆ, ಇನ್ನೊಬ್ಬರು ಸ್ವಿಚ್ಚು ಒತ್ತುವ ಮುನ್ನ, ಎಲ್ಲರೂ ಮೂರು ಸೆಕೆಂಡು ಸುಮ್ಮನಿರತಕ್ಕದ್ದು. ಇದು ಅರಸೀಕೆರೆ-ಬೇಲೂರು-ಹಳೇಬೀಡು ಹವ್ಯಾಸಿ ರೇಡಿಯೋ ಕೂಟದ ಏಳನೇ ನಿಯಮ. ಎಲ್ಲಾದರೂ ಯಾರಾದರೂ ಅಪಾಯದಲ್ಲಿದ್ದರೆ ನಡುವೆ ಬಾಯಿ ಹಾಕಲೆಂದು ಬಿಟ್ಟ ಜಾಗ ಅದು.

ನಿಯಮ ಬರೆದವರು ಕಾರ್ಯದರ್ಶಿ ಭಾಷ್ಯಂ. ನಿವೃತ್ತ ಸ್ಟೇಷನ್ ಮಾಸ್ಟರು. ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ಲೈನ್ ಕ್ಲಿಯರ್ ಇಲ್ಲದೆ ಒಂದು ಗೂಡ್ಸ್ ಗಾಡಿಯನ್ನೂ ಬಿಟ್ಟವರಲ್ಲ. ಕಾನ್ವೆಂಟಿನಲ್ಲಿ ಓದಿದ್ದರಿಂದ ನಿಯಮಗಳನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಸದಸ್ಯರ ಮೇಲೆ ಕರುಣೆಯಿಟ್ಟು ಕನ್ನಡಕ್ಕೆ ತಂದಿದ್ದರು.

ಮೊದಮೊದಲು ನಿಯಮಕ್ಕೇನೂ ತೊಂದರೆಯಿರಲಿಲ್ಲ. ಅರಸೀಕೆರೆಯ ರೇಡಿಯೋ ಪಕ್ಕದ ಗಂಡಸಿ ಊರನ್ನು ಮುಟ್ಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಮಾತಾಡುವವರೂ ನಾಲ್ಕೇ ಜನ. ಆಮೇಲೆ ಕೂಟವು ಮೂರೂ ಊರಿನ ರೇಡಿಯೋಗಳಿಗೆ ಒಂದೊಂದು ಕಂಪ್ಯೂಟರ್ ಜೋಡಿಸಿ, ದನಿಯನ್ನು ಇಂಟರ್‌ನೆಟ್ಟಿನಲ್ಲಿ ಸಾಗಿಸುವ ಏರ್ಪಾಟು ಮಾಡಿತು. ಬೇಲೂರಿನಲ್ಲಿ ಆಡಿದ ಮಾತು ಅರಸೀಕೆರೆಯ ಕಂಪ್ಯೂಟರಿಗೆ ಬಂದು, ಅಲ್ಲಿಯ ರೇಡಿಯೋದಿಂದ ಊರಿಗೆಲ್ಲ ಹರಡುತ್ತಿತ್ತು. ಹಾಗೆ ಹರಡುವಾಗ ಆ ರೇಡಿಯೋಗೆ ಬೇರೆ ಯಾರು ಕೂಗಿದರೂ ಕೇಳಿಸದು. ಅದಕ್ಕೆ ಒಂದು ಸಲಕ್ಕೆ ಬಾಯಿ, ಇಲ್ಲವೇ ಕಿವಿ; ಎರಡೂ ಇಲ್ಲ. ಆದ್ದರಿಂದ ಏಳನೇ ನಿಯಮ ಹಿಂದೆಂದಿಗಿಂತ ಅಗತ್ಯವಾಯಿತು. ಅಂದಿನಿಂದಲೇ ಅದನ್ನು ಪಾಲಿಸುವುದು ನಿಂತಿತು.

“ನಾವು ಸುಮ್ಮನಿದ್ರೆ ಹಳೇಬೀಡಿನವರು ನುಗ್ತಾರೆ ಸರ್,” ಎಂದರು ಬೇಲೂರಿನ ನಂದಕಿಶೋರ್.

“ಬೇಲೂರೋರು ಬಾಯ್ಮುಚ್ಚಿದ್ರೆ ತಾನೆ ನಾವು ಸುಮ್ಕಿರಾದು?” ಎಂದರು ಹಳೇಬೀಡಿನ ಲಕ್ಕಪ್ಪ.

ಭಾಷ್ಯಂ ಇಬ್ಬರನ್ನೂ ಗದರಿದರು. ಸಮಯ ಹಾಳಾಗಬಾರದೆಂದು ಆ ಮೂರು ಸೆಕೆಂಡಿನಲ್ಲೇ ಗದರಿದರು. ಮರುವಾರ ಪ್ರಕಟಣೆ ಹೊರಬಿತ್ತು:

“ಪ್ರತಿ ಊರಿಗೂ ಒಬ್ಬ ಮೌನ ಪಾಲನಾಧಿಕಾರಿಯನ್ನು ನೇಮಿಸಲಾಗಿದೆ. ಮೌನ ಆರಂಭವಾದ ಕೂಡಲೇ ಅಧಿಕಾರಿಯು ‘ಈಗ ಮೌನ ಜಾರಿಯಲ್ಲಿದೆ’ ಎಂದು ಸ್ಪಷ್ಟವಾಗಿ ಘೋಷಿಸತಕ್ಕದ್ದು. ಮೌನ ತಲುಪಿದ ಬಗ್ಗೆ ಉಳಿದ ಊರುಗಳು ತಪ್ಪದೆ ಉತ್ತರಿಸತಕ್ಕದ್ದು.”

ದನಿ ಎಷ್ಟು ಚೆನ್ನಾಗಿ ಕೇಳಿಸಿತೆಂದು ಅಂಕ ಕೊಡುವುದು ರೇಡಿಯೋದವರ ಪದ್ಧತಿ. ಅತ್ಯುತ್ತಮಕ್ಕೆ ‘ಐದು ಒಂಬತ್ತು’. ಅದು ಸಹಜವಾಗಿಯೇ ಮೌನಕ್ಕೂ ಅನ್ವಯಿಸಿತು.

“ಈಗ ಮೌನ ಜಾರಿಯಲ್ಲಿದೆ.”

“ಹಳೇಬೀಡು. ನಿಮ್ಮ ಮೌನ ಐದು ಒಂಬತ್ತು. ಚೆನ್ನಾಗಿ ಬತ್ತಾ ಐತೆ.”

“ಬೇಲೂರು. ಇಲ್ಲಿ ಐದು ಏಳು. ಹಿಂದೆ ಯಾರೋ ಮಾತಾಡ್ತಿದಾರೆ, ನೋಡಿ.”

ಅರಸೀಕೆರೆಗೆ ಮೌನ ಪಾಲನಾಧಿಕಾರಿಯಾದವಳು ಮೇಧಿನಿ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಸಂಪರ್ಕ ಜೋಡಿಸಿದ್ದೂ ಅವಳೇ. ಅವಳ ಸರದಿ ಬಂದಾಗ ಅವಳು ಸುಮ್ಮನಿರುತ್ತಿದ್ದಳು. ಭಾಷ್ಯಂ ಅದನ್ನು ಕರ್ತವ್ಯಲೋಪವೆಂದು ಬರೆದುಕೊಂಡು, ಅವಳ ಪರವಾಗಿ ತಾವೇ ಘೋಷಿಸುತ್ತಿದ್ದರು.

“ಮೌನ ಇದೆ ಅಂತ ಕೂಗ್ತಾ ಇದ್ರೆ ಮೌನ ಎಲ್ಲಿರುತ್ತೆ ಸರ್?”

“ರಿಜಿಸ್ಟರಿನಲ್ಲಿರುತ್ತಮ್ಮ.”

ಶ್ರಾವಣ ಶನಿವಾರ ಅರಸೀಕೆರೆ ಪಕ್ಕದ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಜನ ಹೆಚ್ಚು. ಬೆಟ್ಟದ ಒಂದು ತಿರುವಿನಲ್ಲಿ ಮೊಬೈಲ್ ಸಿಗುವುದಿಲ್ಲವಾದ್ದರಿಂದ, ಕೂಟವು ಆ ತಿರುವಿನ ಮೆಟ್ಟಿಲ ಹತ್ತಿರ ಉಮಾಶಂಕರ್ ಎಂಬ ಸದಸ್ಯರನ್ನು ಕೈರೇಡಿಯೋ ಕೊಟ್ಟು ನಿಲ್ಲಿಸಿತ್ತು. ಭಾಷ್ಯಂ ಅವರ ಅಕ್ಕ ಯದುಗಿರಮ್ಮನೂ ಅಂದು ಬೆಟ್ಟ ಹತ್ತಲು ಹೋಗಿದ್ದರು. ಎಪ್ಪತ್ತೆರಡಾದ ಮೇಲೆ ಬೆಟ್ಟ ಹತ್ತಕೂಡದೆಂದು ಭಾಷ್ಯಂ ನಿಯಮ ಮಾಡಿದ್ದರು. “ನಿನ್ನ ನಿಯಮ ನಿನ್ನ ರೇಡಿಯೋಗೆ ಇಟ್ಕೊಳೋ,” ಎಂದು ಅಕ್ಕ ಬಸ್ಸು ಹತ್ತಿದ್ದರು.

ಬೆಳಿಗ್ಗೆ ಒಂಬತ್ತು ಗಂಟೆಗೆ ಭಾಷ್ಯಂ, ಮೇಧಿನಿ ಇಬ್ಬರೂ ಅರಸೀಕೆರೆಯ ರೇಡಿಯೋ ಮುಂದೆ ಕೂತರು; ವಾರದ ಮಾತುಕತೆ ಶುರುವಾಯಿತು. ಒಂದು ಘೋಷಣೆಗೂ ಇನ್ನೊಂದು ಉತ್ತರಕ್ಕೂ ನಡುವಿನ ಸಂದಿಯಲ್ಲಿ ಏನೋ ತುಂಡು ದನಿ ಬಂತು. “...ಮೆಟ್ಟಿ...” ಮತ್ತೊಂದು ಮೌನದ ಆಚೆ, “...ಅಮ್ಮನವ್ರು ಬಿದ್...”

“ಸರ್, ಉಮಾಶಂಕರ್ ಕೂಗ್ತಿದಾರೆ. ಎಲ್ರನ್ನೂ ಸುಮ್ನಿರ್ಸಿ,” ಎಂದಳು ಮೇಧಿನಿ.

ಭಾಷ್ಯಂ ತಕ್ಷಣ ಸ್ವಿಚ್ಚು ಒತ್ತಿದರು. “ಗಮನಿಸಿ. ಎಲ್ಲರೂ ಸುಮ್ಮನಿರಬೇಕೆಂದು ಆದೇಶಿಸಲಾಗಿದೆ. ಆದೇಶ ತಲುಪಿದ ಬಗ್ಗೆ ಊರುವಾರು ಉತ್ತರಿಸಿ.”

ಹಳೇಬೀಡು ಉತ್ತರಿಸಿತು. ಬೇಲೂರು ಉತ್ತರಿಸುತ್ತ, “ಸರ್, ಇದು ಮಾಮೂಲಿ ಮೌನವೋ ವಿಶೇಷ ಮೌನವೋ? ರಿಜಿಸ್ಟರಿನಲ್ಲಿ ಕಾಲಂ ಬೇರೆ ಬರುತ್ತೆ,” ಎಂದಿತು.

ಪ್ರಶ್ನೆ ನ್ಯಾಯವಾಗಿತ್ತು. ಭಾಷ್ಯಂ ನಿಯಮಾವಳಿಯ ಪುಟ ತಿರುವುತ್ತಿದ್ದಾಗ ಮೇಧಿನಿ ಎದ್ದು ಇಂಟರ್‌ನೆಟ್ ತಂತಿಯನ್ನು ಕಿತ್ತಳು.

ಬೇಲೂರು ಹೋಯಿತು. ಹಳೇಬೀಡು ಹೋಯಿತು. ಬೆಟ್ಟ ಕೇಳಿಸಿತು.

“ಹತ್ತು ನಿಮಿಷದಿಂದ ಬಡ್ಕೊತಿದೀನಿ ಕಣ್ರೀ! ಯದುಗಿರಮ್ಮನವ್ರು ಎದೆ ಹಿಡ್ಕೊಂಡು ಬಿದ್ದವ್ರೆ. ಮೈಯೆಲ್ಲ ಬೆವರು. ಕೆಳಗಿಂದ ಸ್ಟ್ರೆಚರ್ ಕಳ್ಸಿ, ಬೇಗ!”

ಭಾಷ್ಯಂ ಅಕ್ಕನ ಹೆಸರು ಕೇಳಿದರು. ಮಾತಿಗೆ ಮೊದಲು ಹೇಳಲೇಬೇಕಾದ ತನ್ನ ಕರೆಗುರುತನ್ನು ಉಮಾಶಂಕರ್ ಹೇಳಲಿಲ್ಲವೆಂಬುದನ್ನೂ ಗಮನಿಸಿದರು. ರಿಜಿಸ್ಟರು ತೆರೆದು, ಮತ್ತೆ ಮುಚ್ಚಿದರು. ಅಷ್ಟರಲ್ಲಿ ಮೇಧಿನಿ ಬೆಟ್ಟದ ಬುಡದಲ್ಲಿದ್ದ ಆಂಬ್ಯುಲೆನ್ಸಿಗೆ ಫೋನು ಮಾಡಿ ಆಗಿತ್ತು.

ಅರ್ಧ ಗಂಟೆಯ ಮೇಲೆ ಉಮಾಶಂಕರ್ ದನಿ ಮತ್ತೆ ಬಂತು. “ಆಂಬ್ಯುಲೆನ್ಸ್ ಹೊರಡ್ತು. ಎಚ್ಚರವಾಗಿದಾರೆ. ತಮ್ಮನಿಗೆ ಹೇಳ್ಬೇಡಿ ಅಂತಿದಾರೆ.”

ಭಾಷ್ಯಂ ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟುವಾಗ ಮೊಬೈಲ್ ಹೊಡೆದುಕೊಂಡಿತು. ಬೇಲೂರಿನ ನಂದಕಿಶೋರ್.

“ಏನ್ ಮೌನ ಸರ್ ಇವತ್ತು! ಅರ್ಧ ಗಂಟೆಯಿಂದ ಒಂದು ಗೊರಗೊರ ಇಲ್ಲ. ಐದು ಒಂಬತ್ತು! ಲಕ್ಕಪ್ಪನೋರೂ ಲೈನಲ್ಲಿದಾರೆ.”

“ನಮ್ಮಲ್ಲೂ ಹಂಗೇ ಐತೆ ಸಾ,” ಎಂದರು ಲಕ್ಕಪ್ಪ. “ನೀವು ಮಾಡಿದ ನಿಯಮ ಕೊನೆಗೂ ಕಚ್ಕೊಂತು.”

ಭಾಷ್ಯಂ ಅವರನ್ನು ಪ್ರಧಾನ ಮೌನ ಪಾಲನಾಧಿಕಾರಿಯಾಗಿ ನೇಮಿಸಬೇಕೆಂದು ಬೇಲೂರು ಅಲ್ಲೇ ಸೂಚಿಸಿತು; ಹಳೇಬೀಡು ಅನುಮೋದಿಸಿತು. ಭಾಷ್ಯಂ ಏನೋ ಹೇಳಲು ಬಾಯಿ ತೆರೆದರು. ಆದರೆ ಸರ್ವಾನುಮತದ ನಿರ್ಣಯಕ್ಕೆ ಕಾರ್ಯದರ್ಶಿ ಅಡ್ಡ ಬರುವ ಹಾಗಿಲ್ಲ. ಅದು ಹನ್ನೆರಡನೇ ನಿಯಮ. ಚಪ್ಪಲಿ ಕಾಲಲ್ಲೇ ಒಳಗೆ ಬಂದು ರಿಜಿಸ್ಟರಿನಲ್ಲಿ ಬರೆದರು: ವಿಶೇಷ ಮೌನ, ಮೂವತ್ತೊಂದು ನಿಮಿಷ, ಐದು ಒಂಬತ್ತು.

“ಮೇಧಿನಿ, ತಂತಿ ಹಾಕಮ್ಮ,” ಎಂದರು, ಎಂದಿಗಿಂತ ಮೆತ್ತಗೆ. “ಮೌನ ಯಶಸ್ವಿಯಾಗಿ ಮುಗೀತು ಅಂತ ಒಂದು ಮಾತು ಘೋಷಿಸಿಬಿಡು. ಎಲ್ರೂ ಕಾಯ್ತಿದಾರೆ.”

ಮೇಧಿನಿ ತಂತಿಯನ್ನು ಅಂಗೈಗೂ ಮೊಣಕೈಗೂ ಸುತ್ತಿ ಸುರುಳಿ ಮಾಡಿದಳು. ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಬೆಟ್ಟದಲ್ಲಿ ಜನ ಇನ್ನೂ ಹತ್ತುತ್ತಿದ್ದರು. ಕುರ್ಚಿಯನ್ನು ರೇಡಿಯೋ ಹತ್ತಿರಕ್ಕೆ ಎಳೆದುಕೊಂಡು ಕೂತಳು.